ರಾಗಿ ತವರಲ್ಲಿ ಎಂಟು ವಾರ

ಕೀನ್ಯಾಗೆ ಇಂಟರ್ನ್‌ಶಿಪ್‌ಗೆ ಹೋಗ್ತೀನಿ ಅಂತ ಮನೇಲಿ ಹೇಳಿದಾಗ ಅಮ್ಮಂಗೆ ಮಲೇರಿಯಾ ಭಯ, ಅಪ್ಪಂಗೆ ದುಡ್ಡಿನ ಚಿಂತೆ, ನಮ್ಮಜ್ಜ ಮಾತ್ರ ಕೇಳಿದ್ದು ಒಂದೇ, "ಅಲ್ಲಿ ತಿನ್ನಕ್ಕೇನ್ ಸಿಕ್ತದವ್ವ?" ಅಂತ. ನಮ್ದು ತುಮಕೂರು ಕಡೆ ಹಳ್ಳಿ, ಮೂರು ಹೊತ್ತು ಅಲ್ಲದಿದ್ರೂ ದಿನಕ್ಕೊಂದು ಹೊತ್ತಾದ್ರೂ ಮುದ್ದೆ ಇಲ್ದೆ ಅಜ್ಜಂಗೆ ಊಟ ಆದಂಗೇ ಆಗಲ್ಲ. ನಾನು ಆಗ ಎಂಎಸ್ಸಿ ಫುಡ್ ಅಂಡ್ ನ್ಯೂಟ್ರಿಷನ್ ಕೊನೇ ವರ್ಷ, ಪುಸ್ತಕದಲ್ಲಿ ಓದಿದ್ದೆ ರಾಗಿ ಮೂಲ ಆಫ್ರಿಕಾದ್ದು ಅಂತ, ಆದ್ರೆ ಅಜ್ಜನ ಪ್ರಶ್ನೆಗೆ "ರಾಗಿನೇ ಸಿಗುತ್ತೆ ತಾತ" ಅನ್ನೋ ಉತ್ತರ ಬಾಯಿಗೆ ಬರ್ಲಿಲ್ಲ, ಏನೋ ಅನ್ನ ಚಪಾತಿ ಸಿಗಬಹುದು ಅಂದೆ.

2024ರ ಜನವರಿ ಕೊನೇಲಿ ಹೊರಟೆ. ಆ ವರ್ಷ ನಿಮಗೂ ನೆನಪಿರುತ್ತೆ, ಅದರ ಹಿಂದಿನ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲೂಕಲ್ಲಿ 223 ಬರಪೀಡಿತ ಅಂತ ಘೋಷಣೆ ಆಗಿತ್ತು, ನಮ್ಮ ಹೊಲದಲ್ಲಿ ರಾಗಿ ತೆನೆ ಕಟ್ಟೋ ಹೊತ್ತಿಗೆ ಒಣಗಿ ದನಕ್ಕೆ ಮೇವಾಗಿ ಹೋಗಿತ್ತು. ಅಂಥ ವರ್ಷದಲ್ಲಿ ಅಪ್ಪನ ಹತ್ರ ಟಿಕೆಟ್‌ಗೆ, ಇಂಟರ್ನ್‌ಶಿಪ್ ಫೀಸಿಗೆ ದುಡ್ಡು ಇಸ್ಕೊಂಡು ಹೋಗಿದ್ದು ಅನ್ನೋದು ಎಂಟು ವಾರನೂ ನನ್ನ ತಲೇಲಿ ಕೂತಿತ್ತು. ಹೌದು, ಫೀಸು ನಾವೇ ಕೊಡಬೇಕು, ಸೇವೆ ಮಾಡಕ್ಕೆ ದುಡ್ಡು ಕೊಟ್ಟು ಹೋಗೋದು. ನನ್ನ ಕಳಿಸಿದ ಸಂಸ್ಥೆಯವರನ್ನ ಇದರಲ್ಲಿ ಹಳ್ಳಿಗೆ ಎಷ್ಟು ಹೋಗುತ್ತೆ ಅಂತ ಎರಡು ಸಲ ಕೇಳಿದೆ, ಎರಡು ಸಲನೂ ನೇರ ಉತ್ತರ ಬರ್ಲಿಲ್ಲ. ಮೂರನೇ ಸಲ ಕೇಳ್ಬೇಕಿತ್ತು, ಕೇಳ್ಲಿಲ್ಲ.

(ಹೋಗೋರಿಗೆ ಒಂದು ಮಾತು: ಯೆಲ್ಲೋ ಫೀವರ್ ಇಂಜೆಕ್ಷನ್ ಹೊರಡೋಕೆ ಕನಿಷ್ಠ 10 ದಿನ ಮುಂಚೆ ತಗೊಳ್ಳಿ, ಆ ಹಳದಿ ಕಾರ್ಡು ಅಲ್ಲಿಗಿಂತ ಹೆಚ್ಚಾಗಿ ವಾಪಸ್ ಬರುವಾಗ ನಮ್ಮ ಏರ್‌ಪೋರ್ಟಲ್ಲೇ ಬೇಕು, ಇಲ್ಲಾಂದ್ರೆ ಕ್ವಾರಂಟೈನ್ ಮಾಡ್ತಾರೆ. ಒಂದು ಸಲ ತಗೊಂಡ್ರೆ ಜೀವಮಾನಕ್ಕೆ ಸಾಕು.)

ನೈರೋಬಿಯಿಂದ ಕಿಸುಮುಗೆ ಬಸ್ಸು, ಹತ್ತಿರತ್ತಿರ ಇಡೀ ಹಗಲು ಪ್ರಯಾಣ, ಮಧ್ಯದಲ್ಲಿ ಕೆರಿಚೊ ಅಂತ ಬರುತ್ತೆ, ರಸ್ತೆಯ ಎರಡೂ ಕಡೆ ಟೀ ತೋಟ, ಒಂದು ಕ್ಷಣ ಕೊಪ್ಪದ ಕಡೆ ಹೋಗ್ತಿದೀನೇನೋ ಅನ್ನಿಸ್ತು. ಕಿಸುಮು ವಿಕ್ಟೋರಿಯಾ ಸರೋವರದ ದಡದಲ್ಲಿರೋ ಊರು. ಅಲ್ಲಿಂದ ಮುಂದೆ ಸಿಯಾಯಾ ಕೌಂಟಿಯಲ್ಲಿ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಇದ್ದಂಗೆ) ಬೊಂಡೊ ಕಡೆಗೆ ಒಂದು ಹಳ್ಳಿ, ಮಟಾಟು ಅನ್ನೋ ಹದಿನಾಲ್ಕು ಸೀಟಿನ ವ್ಯಾನಲ್ಲಿ ಹೋಗಿ, ಇಳಿದು, ಬೋಡಾಬೋಡಾ ಅಂದ್ರೆ ಬಾಡಿಗೆ ಬೈಕಲ್ಲಿ ಇನ್ನೊಂದಷ್ಟು ದೂರ. ಲುವೊ ಜನ ಇರೋ ಜಾಗ. ನಾನಿದ್ದ ಮನೆ ಯಜಮಾನಿ ಅಲ್ಲಿಯ ಕಮ್ಯುನಿಟಿ ಹೆಲ್ತ್ ಪ್ರಮೋಟರ್, ಅಂದ್ರೆ ನಮ್ಮ ಆಶಾ ಕಾರ್ಯಕರ್ತೆ ಇದ್ದಂಗೆ. ಅವರನ್ನ ಎಲ್ರೂ ಮಾಮಾ ಅಂತಾರೆ. ಸ್ವಾಹಿಲಿಯಲ್ಲಿ ಮಾಮಾ ಅಂದ್ರೆ ಅಮ್ಮ, ದಾದಾ ಅಂದ್ರೆ ಅಕ್ಕ, ಕಾಕಾ ಅಂದ್ರೆ ಅಣ್ಣ, ಮೊದಲ ವಾರ ಐವತ್ತು ದಾಟಿದ ಹೆಂಗಸನ್ನ ಮಾಮಾ ಅಂತ ಕೂಗೋಕೆ ನಾಲಿಗೆ ಏಳ್ತಿರ್ಲಿಲ್ಲ, ಎರಡನೇ ವಾರಕ್ಕೆ ಬೇರೆ ಏನೂ ಕರೆಯಕ್ಕೇ ಬರ್ತಿರ್ಲಿಲ್ಲ.

ಭಾಷೆ ವಿಷಯ ಬಂತಲ್ಲ, ಸ್ವಾಹಿಲಿಯಲ್ಲಿ ಗಾಡಿಗೆ ಗಾರಿ, ಅಂಗಡಿಗೆ ದುಕಾ, ದುಡ್ಡಿಗೆ ಪೇಸಾ, ಔಷಧಿಗೆ ದಾವಾ, ವಕೀಲರಿಗೆ ವಕೀಲಿ, ಸಾಬೂನಿಗೆ ಸಬೂನಿ, ಲೋಕಕ್ಕೆ ದುನಿಯಾ, ಸರ್ಕಾರಕ್ಕೆ ಸೆರಿಕಾಲಿ, ರೆಡಿ ಅನ್ನೋಕೆ ತಯಾರಿ. ಕೆಲವು ಅರಬ್ಬಿಯಿಂದ ಎರಡೂ ಕಡೆ ಹೋಗಿದ್ದು, ಕೆಲವು ನಮ್ಮ ಕಡೆ ವ್ಯಾಪಾರಿಗಳು ಹೊತ್ಕೊಂಡು ಹೋಗಿದ್ದು. ಅಲ್ಲಿ ನಮ್ಮವರ ಇತಿಹಾಸನೂ ದೊಡ್ಡದು, ಮೊಂಬಾಸಾದಿಂದ ಕಿಸುಮು ತನಕ ರೈಲು ಹಳಿ ಹಾಕಕ್ಕೆ 1896ರಿಂದ 1901ರ ತನಕ ಬ್ರಿಟಿಷರು ಸುಮಾರು 32,000 ಜನ ಕೂಲಿಗಳನ್ನ ಇಂಡಿಯಾದಿಂದ ಕರ್ಕೊಂಡು ಹೋಗಿದ್ರು, ಹೆಚ್ಚಿನವರು ಪಂಜಾಬಿನವರು, ಸುಮಾರು 2,500 ಜನ ಆ ಕೆಲಸದಲ್ಲೇ ಸತ್ತರು. ಆಮೇಲೆ ಗುಜರಾತಿ ವ್ಯಾಪಾರಿಗಳು ಊರೂರಲ್ಲಿ ಅಂಗಡಿ ಇಟ್ರು. ಹಾಗಾಗಿ ಹಳ್ಳಿ ಮಕ್ಕಳು ನನ್ನ ನೋಡಿದ ತಕ್ಷಣ "ಮ್ಹಿಂದಿ! ಮ್ಹಿಂದಿ!" ಅಂತ ಕೂಗೋರು, ದೊಡ್ಡವರು ನಿಮ್ಮಪ್ಪನ ಅಂಗಡಿ ಯಾವ್ದು ಅಂತ ಕೇಳೋರು. ಇಂಡಿಯಾದವರು ಅಂದ್ರೆ ಅವರಿಗೆ ಕೌಂಟರ್ ಆಚೆ ನಿಂತಿರೋರು. ನಮ್ಮಪ್ಪ ರೈತ, ಹೋದ ವರ್ಷ ಬೆಳೆ ಒಣಗಿ ಹೋಯ್ತು ಅಂದಾಗ ಕೆಲವರು ನಂಬಲೇ ಇಲ್ಲ.

ಈಗ ಕೆಲಸದ ವಿಷಯ. ಎರಡನೇ ದಿನ ನನ್ನ ಹತ್ತಿರದ ಡಿಸ್ಪೆನ್ಸರಿಗೆ ಕರ್ಕೊಂಡ್ ಹೋದ್ರು. ಮಲೇರಿಯಾ ಟೆಸ್ಟಿಗೆ ಮಕ್ಕಳು ಸಾಲಾಗಿ ಕೂತಿದ್ವು, ಸರೋವರದ ಸುತ್ತ ವರ್ಷ ಪೂರ್ತಿ ಮಲೇರಿಯಾ ಇರುತ್ತೆ. ನನ್ನ ಕಳಿಸಿದ ಸಂಸ್ಥೆಯ ಕೋಆರ್ಡಿನೇಟರ್ ಕೈಗೆ ಗ್ಲೌಸ್ ಕೊಟ್ಟು, ಬೆರಳು ಚುಚ್ಚಿ ರಕ್ತ ತೆಗಿ, ಏನಿಲ್ಲ ಸುಲಭ, ನಾನು ಫೋಟೋ ತೆಗೀತೀನಿ ಅಂದ್ರು. ನಾನು ಓದಿರೋದು ಆಹಾರ ವಿಜ್ಞಾನ, ಸೂಜಿ ಹಿಡಿಯೋ ತರಬೇತಿ ನನಗಿಲ್ಲ. ಆದ್ರೂ ಎರಡು ಮಕ್ಕಳಿಗೆ ಚುಚ್ಚಿದೆ. ಎರಡನೇ ಮಗುಗೆ ಸರಿಯಾಗಿ ರಕ್ತ ಬರ್ದೆ ಇನ್ನೊಂದು ಸಲ ಚುಚ್ಚಬೇಕಾಯ್ತು, ಅದು ಕಿರುಚ್ತಾ ಇರ್ಬೇಕಾದ್ರೆ ಅದರ ಅಮ್ಮ ನನ್ನ ನೋಡಿ ಕೋಪ ಮಾಡ್ಕೊಳ್ಲಿಲ್ಲ, ಡಾಕ್ಟರ್ ಮುಂದೆ ತಪ್ಪು ಮಾಡಿದೋರ ಥರ ತಲೆ ತಗ್ಗಿಸಿ ಕೂತಿದ್ಲು. ನನ್ನ ಡಾಕ್ಟರ್ ಅಂತ ಅನ್ಕೊಂಡಿದ್ಲು ಅವಳು. ಅಲ್ಲಿಗೆ ಗ್ಲೌಸ್ ತೆಗೆದಿಟ್ಟೆ. ತುಮಕೂರು ಜಿಲ್ಲಾಸ್ಪತ್ರೇಲಿ ಯಾವನೋ ಫಾರಿನ್ ಸ್ಟೂಡೆಂಟ್ ಬಂದು ನನ್ನ ತಂಗಿ ಮಗುಗೆ ಹಂಗೆ ಚುಚ್ಚಿದ್ರೆ ನಾವು ಸುಮ್ನಿರ್ತಿದ್ವಾ? ನಮ್ಮೂರಲ್ಲಿ ಮಾಡಕ್ಕೆ ಪರ್ಮಿಷನ್ ಇಲ್ಲದ ಕೆಲಸನ ಅಲ್ಲಿ ಮಾಡಕ್ಕೆ ನನಗೆ ಯಾರು ಅಧಿಕಾರ ಕೊಟ್ರು? ಆ ಎರಡು ಮಕ್ಕಳ ವಿಷಯ ನಾನು ಇವತ್ತಿನ ತನಕ ಮನೇಲೂ ಹೇಳಿರ್ಲಿಲ್ಲ.

ಅವತ್ತು ಸಂಜೆ ಮಾಮಾಗೆ ಹೇಳ್ದೆ. ಅವರು ಬೈಲಿಲ್ಲ, ನಾಳೆಯಿಂದ ನನ್ನ ಜೊತೆ ನಡಿ, ನನ್ನ ಬ್ಯಾಗ್ ಹೊತ್ಕೋ, ನಾನು ಹೇಳಿದ್ದು ಬರ್ಕೋ ಅಂದ್ರು. ಅಷ್ಟೇ. ಮುಂದಿನ ಏಳು ವಾರ ನಾನು ಮಾಡಿದ್ದು ಅದೇ ಕೆಲಸ, ನಿಜ ಹೇಳ್ಬೇಕು ಅಂದ್ರೆ ನಾನು ಮಾಡಿದ್ದರಲ್ಲಿ ಉಪಯೋಗಕ್ಕೆ ಬಂದಿದ್ದೂ ಅದೇ.

ಅವರ ಬ್ಯಾಗು 2023ರ ಸೆಪ್ಟೆಂಬರಲ್ಲಿ ಸರ್ಕಾರ ಕೊಟ್ಟಿದ್ದು, ದೇಶಪೂರ್ತಿ ಸುಮಾರು ಒಂದು ಲಕ್ಷ ಜನರಿಗೆ ಕೊಟ್ರಂತೆ, ಬಿಪಿ ಮಷೀನು, ಶುಗರ್ ಮಷೀನು, ತೂಕದ ಮಷೀನು, ಥರ್ಮಾಮೀಟರು, ಒಂದು ಸ್ಮಾರ್ಟ್‌ಫೋನು. ಒಬ್ಬೊಬ್ಬರಿಗೆ ಸುಮಾರು ನೂರು ಮನೆ. ತಿಂಗಳಿಗೆ 5,000 ಶಿಲ್ಲಿಂಗ್ ಗೌರವಧನ, ಅರ್ಧ ಕೇಂದ್ರದ್ದು ಅರ್ಧ ಕೌಂಟಿದು, ನಮ್ಮ ದುಡ್ಡಲ್ಲಿ ಸುಮಾರು 3,000 ರೂಪಾಯಿ, ಅದು ಎಂ-ಪೇಸಾ ಅನ್ನೋ ಮೊಬೈಲ್ ದುಡ್ಡಿನ ಖಾತೆಗೆ ಬರುತ್ತೆ. ಬಂದ್ರೆ ಬರುತ್ತೆ. ನಮ್ಮ ಚಿಕ್ಕಮ್ಮ ಆಶಾ ಕಾರ್ಯಕರ್ತೆ, ಮಾಮಾ ಫೋನ್ ತೆಗೆದು ಇನ್ನೂ ಮೆಸೇಜ್ ಬಂದಿಲ್ಲ ಅಂತ ನೋಡಿ ಇಡ್ತಿದ್ದ ರೀತಿ ಇದೆಯಲ್ಲ, ಅದನ್ನ ನಾನು ಚಿಕ್ಕಮ್ಮನ ಮನೇಲಿ ಎಷ್ಟು ಸಲ ನೋಡಿದೀನೋ. 2025ರ ಜನವರೀಲಿ ಚಿಕ್ಕಮ್ಮ ಬೆಂಗಳೂರಿನ ಫ್ರೀಡಂ ಪಾರ್ಕಲ್ಲಿ ಆಶಾ ಕಾರ್ಯಕರ್ತೆಯರ ಧರಣಿಗೆ ಚಳೀಲಿ ಕೂತಿದ್ದಾಗ ಅಲ್ಲಿಂದ ಒಂದು ಫೋಟೋ ಮಾಮಾಗೆ ಕಳಿಸಿದ್ದೆ, ಅವರು ಅದನ್ನ ತಮ್ಮ ಗ್ರೂಪಿಗೆ ಹಾಕಿದ್ರಂತೆ.

ಟೈಮ್ ವಿಷಯಕ್ಕೆ ಒಂದು ಎಡವಟ್ಟು ಆಯ್ತು. ಒಬ್ಬ ಅಜ್ಜಿ ಮನೆಗೆ ಸಾ ತಾತು ಹೊತ್ತಿಗೆ ಬಾ ಅಂದಿದ್ರು, ತಾತು ಅಂದ್ರೆ ಮೂರು ಅಂತ ಗೊತ್ತಿತ್ತು, ಮಧ್ಯಾಹ್ನ ಮೂರಕ್ಕೆ ಹೋದೆ. ಅವರು ಬೆಳಿಗ್ಗೆಯಿಂದ ಮಗು ಎತ್ಕೊಂಡು ಕಾದಿದ್ರಂತೆ. ಸ್ವಾಹಿಲಿ ಗಡಿಯಾರ ಸೂರ್ಯ ಹುಟ್ಟಿದಾಗಿಂದ ಶುರು, ನಮ್ಮ ಏಳು ಗಂಟೆ ಅವರ ಒಂದು, ಒಂಬತ್ತು ಅಂದ್ರೆ ಮೂರು. ಭೂಮಧ್ಯರೇಖೆ ಪಕ್ಕದಲ್ಲೇ ಹಾದು ಹೋಗುತ್ತೆ, ಮಾಸೆನೊ ಅನ್ನೋ ಊರಲ್ಲಿ ರಸ್ತೆ ಪಕ್ಕ ಗುರುತು ಹಾಕಿದಾರೆ, ಅಲ್ಲಿ ವರ್ಷ ಪೂರ್ತಿ ಸೂರ್ಯ ಹೆಚ್ಚೂಕಮ್ಮಿ ಒಂದೇ ಹೊತ್ತಿಗೆ ಹುಟ್ಟಿ ಒಂದೇ ಹೊತ್ತಿಗೆ ಮುಳುಗ್ತಾನೆ, ಹಂಗಾಗಿ ಈ ಲೆಕ್ಕ ಯಾವತ್ತೂ ತಪ್ಪಲ್ಲ. ಅಮ್ಮಂಗೆ ಫೋನಲ್ಲಿ ಹೇಳಿದ್ರೆ, ಇದರಲ್ಲೇನಿದೆ, ನಿನ್ನ ಜಾತಕದಲ್ಲೂ ಸೂರ್ಯೋದಯದಿಂದ ಇಷ್ಟು ಘಟಿ ಅಂತ ತಾನೇ ಬರೆದಿರೋದು ಅಂದ್ಲು. ಹೌದಲ್ವಾ!

ಜಾತಕ ಅಂದಾಗ ನೆನಪಾಯ್ತು, ಲುವೊ ಜನ ಮಗು ಹುಟ್ಟಿದ ಹೊತ್ತು ನೋಡಿ ಹೆಸರಿಡ್ತಾರೆ. ರಾತ್ರಿ ಹುಟ್ಟಿದ್ರೆ ಗಂಡು ಒಟಿಯೆನೊ, ಹೆಣ್ಣು ಅಟಿಯೆನೊ, ನಡುಮಧ್ಯಾಹ್ನ ಆದ್ರೆ ಒಚಿಯೆಂಗ್, ಅಚಿಯೆಂಗ್. ಮಾಮಾ ನನಗೂ ಹೆಸರಿಡ್ತೀನಿ, ನೀನು ಹುಟ್ಟಿದ್ದು ಯಾವಾಗ ಕೇಳು ಅಂದ್ರು. ಅಮ್ಮ ಟೈಮ್ ಹೇಳೋಕೆ ಮುಂಚೆ ಆವತ್ತು ಏನ್ ಮಳೆ, ಗಾಡಿ ಸಿಗದೆ ಟ್ರ್ಯಾಕ್ಟರಲ್ಲಿ ಆಸ್ಪತ್ರೆಗೆ ಹೋಗಿದ್ದು ಅಂತ ಶುರು ಮಾಡಿದ್ಲು, ನಾನು ಅದನ್ನ ಇಂಗ್ಲಿಷಲ್ಲಿ ಹೇಳಿ ಮುಗಿಸೋ ಅಷ್ಟರಲ್ಲಿ ಮಾಮಾ ಚಪ್ಪಾಳೆ ತಟ್ಟಿ "ಅಕೊತ್!" ಅಂದ್ರು. ಕೊತ್ ಅಂದ್ರೆ ಮಳೆ. ಆವತ್ತಿಂದ ಮ್ಹಿಂದಿ ಹೋಗಿ ಅಕೊತ್ ಆದೆ.

ಊಟಕ್ಕೆ ದಿನಾ ಉಗಾಲಿ, ಮೆಕ್ಕೆಜೋಳದ ಹಿಟ್ಟಿಂದು, ಬಿಳಿ ಮುದ್ದೆ ಅನ್ಕೊಳ್ಳಿ. ಜೊತೆಗೆ ಸುಕುಮಾ ವಿಕಿ ಅನ್ನೋ ಸೊಪ್ಪು, ಇಲ್ಲಾ ಸರೋವರದ ಒಮೇನಾ, ಬೆರಳಿಗಿಂತ ಸಣ್ಣ ಒಣಮೀನು ಟೊಮೇಟೊ ಹಾಕಿ ಬೇಯಿಸಿದ್ದು. ಹತ್ತು ದಿನ ಆದ್ಮೇಲೆ ಒಂದು ಭಾನುವಾರ ಮಾಮಾ ಬೇರೆ ಡಬ್ಬದಿಂದ ಹಿಟ್ಟು ತೆಗೆದ್ರು. ಬಣ್ಣ ನೋಡಿದೆ. ಎದ್ದು ಹೋಗಿ ಚಿಟಿಕೆ ತಗೊಂಡು ಮೂಸಿದೆ. ಮಳೆ ಬಿದ್ದ ಕೆಮ್ಮಣ್ಣಿನ ಹಂಗೆ ಆ ವಾಸನೆ, ನಮ್ಮ ಅಡುಗೆಮನೆ ಮೂಲೇಲಿ ರಾಗಿಹಿಟ್ಟಿನ ಟಿನ್ ಮುಚ್ಚಳ ತೆಗೆದ್ರೆ ಬರೋದೇ. ಸ್ವಾಹಿಲಿಯಲ್ಲಿ ವಿಂಬಿ ಅಂತಾರೆ, ಲುವೊದಲ್ಲಿ ಕಲ್. ಎಸರು ಕುದಿಯೋ ಹೊತ್ತಿಗೆ ಹಿಟ್ಟು ಸುರಿದು, ಮ್ವಿಕೊ ಅನ್ನೋ ಮರದ ಸಟ್ಟುಗದಲ್ಲಿ ಪಾತ್ರೆ ಅಂಚಿಗೆ ಒತ್ತಿ ಒತ್ತಿ ತಿರುವ್ತಾರೆ, ನಮ್ಮಲ್ಲಿ ಎರಡು ಕಾಲಲ್ಲಿ ಪಾತ್ರೆ ಅದುಮಿ ಹಿಡಿದು ಕೋಲಲ್ಲಿ ತೊಳಸೋ ಬದಲು ಅವರು ಒಂದು ಕೈಯಲ್ಲಿ ಬಟ್ಟೆ ಸುತ್ತಿ ಪಾತ್ರೆ ಹಿಡಿದಿದ್ರು ಅಷ್ಟೇ ವ್ಯತ್ಯಾಸ. ನಾನು ಉಂಡೆ ಮಾಡಿ ಅಗಿಯದೆ ನುಂಗಿದ್ದು ನೋಡಿ ಮಕ್ಕಳು ಬಿದ್ದೂ ಬಿದ್ದೂ ನಕ್ವು, ಇನ್ನೊಂದು ಸಲ ಇನ್ನೊಂದು ಸಲ ಅಂತ ನುಂಗಿಸಿದ್ವು. ಹತ್ತು ದಿನದ ಮೇಲೆ ಹೊಟ್ಟೆ ತುಂಬಿದ್ದು ಅವತ್ತು.

ರಾತ್ರಿ ಅಜ್ಜಂಗೆ ಫೋನ್ ಮಾಡಿ ತಾತ ಇಲ್ಲಿ ರಾಗಿನೇ ಸಿಗುತ್ತೆ, ರಾಗಿ ಹುಟ್ಟಿದ್ದೇ ಈ ಕಡೆ, ಇಥಿಯೋಪಿಯಾ ಉಗಾಂಡಾ ಕಡೆಯ ಎತ್ತರದ ಜಾಗದಲ್ಲಿ, ಸಾವಿರಾರು ವರ್ಷದ ಹಿಂದೆ ಅಲ್ಲಿಂದ ನಮ್ಮ ಕಡೆ ಬಂತು ಅಂದೆ. ಅಜ್ಜ ನಂಬ್ಲಿಲ್ಲ. ಆಗ ನೆನಪಾಯ್ತು, ಅಜ್ಜ ವಯಸ್ಸಲ್ಲಿದ್ದಾಗ ಇಂಡಾಫ್ ರಾಗಿ ಬೆಳೀತಿದ್ರು, ಈಗಲೂ ಇಂಡಾಫ್ ಇದ್ದಂಗೆ ಯಾವ್ದೂ ಇಲ್ಲ ಅಂತಾರೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯ ಅಂತ ವಿಜ್ಞಾನಿ ಇದ್ರಲ್ಲ, ರಾಗಿ ಲಕ್ಷ್ಮಣಯ್ಯ ಅಂತ್ಲೇ ಹೆಸರಾದೋರು, ಅವರು ನಮ್ಮ ರಾಗಿಗೂ ಆಫ್ರಿಕಾ ರಾಗಿಗೂ ಸಂಕರ ಮಾಡಿ ತೆಗೆದ ತಳಿಗಳು ಅವು. ರಾಗಿ ಹೂವು ಎಷ್ಟು ಸಣ್ಣದು ಅಂದ್ರೆ ಅದರಲ್ಲಿ ಸಂಕರ ಮಾಡೋದೇ ಒಂದು ತಪಸ್ಸು. ಇಂಡಿಯಾದ ಇಂಡ್, ಆಫ್ರಿಕಾದ ಆಫ್, ಸೇರಿ ಇಂಡಾಫ್. ಅಜ್ಜ ಎಷ್ಟೋ ವರ್ಷ ಬಿತ್ತಿದ ಬೀಜದ ಹೆಸರಲ್ಲೇ ಇತ್ತು ಅದು. ಹೇಳ್ದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ "ಹಂಗಾರೆ ನೀನ್ ಹೋಗಿರೋದು ನಂಟರ ಮನೆಗೇ ಬಿಡು" ಅಂದ್ರು.

ನಾನು ಅಲ್ಲಿಗೆ ಪೌಷ್ಟಿಕ ಆಹಾರದ ಬಗ್ಗೆ ಅರಿವು ಮೂಡಿಸೋಕೆ ಅಂತ ಹೋದೋಳು. ಚಾರ್ಟು ಮಾಡ್ಕೊಂಡು ಹೋಗಿದ್ದೆ, 100 ಗ್ರಾಂ ರಾಗೀಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಅಂತೆಲ್ಲ. ಆ ಹೆಂಗಸರಿಗೆ ಅದು ಗೊತ್ತಿಲ್ಲದ್ದೇನಲ್ಲ, ಬಾಣಂತಿಗೆ, ಎಳೆ ಮಗುಗೆ ವಿಂಬಿ ಗಂಜೀನೇ ಕೊಡಬೇಕು ಅಂತ ಅವರ ಅಜ್ಜಿಯರ ಕಾಲದಿಂದ ಗೊತ್ತು. ಗೊತ್ತಿದ್ರೂ ಯಾಕೆ ಕೊಡಲ್ಲ ಅಂದ್ರೆ ಸಂತೇಲಿ ವಿಂಬಿ ಮೆಕ್ಕೆಜೋಳಕ್ಕಿಂತ ದುಬಾರಿ. ಯಾಕೆ ಬೆಳೆಯಲ್ಲ ಅಂದ್ರೆ ಕಳೆ ಕೀಳೋ ಕೂಲಿ ಗಿಟ್ಟಲ್ಲ, ಕೈಯಲ್ಲಿ ಚೆಲ್ಲಿ ಬಿತ್ತೋದ್ರಿಂದ ರಾಗಿ ಪೈರಿನ ಥರಾನೇ ಇರೋ ಕಳೆ ಮಧ್ಯದಲ್ಲಿ ಬೆಳೆಯುತ್ತೆ, ತೆನೆ ಬರೋ ತನಕ ಯಾವ್ದು ಪೈರು ಯಾವ್ದು ಕಳೆ ಅಂತ ಎಲ್ಲರಿಗೂ ಗೊತ್ತಾಗಲ್ಲ. ಚಾರ್ಟು ತೋರಿಸಿ ಬಗೆಹರಿಯೋ ಸಮಸ್ಯೆ ಅಲ್ಲ ಇದು. ಚಾರ್ಟು ಮಡಚಿ ಇಟ್ಟೆ.

ಒಂದೇ ಒಂದು ವಿಷಯ ನಾನು ಹೇಳ್ಕೊಟ್ಟೆ ಅನ್ನಬಹುದು, ಅದೂ ನಂದಲ್ಲ, ನಮ್ಮಜ್ಜೀದು. ರಾಗಿ ಸರಿ. ರಾಗಿ ನೆನೆಸಿ, ಬಟ್ಟೇಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳು ಬಟ್ಟೇಲಿ ಜಾಲಾಡಿದ ಹಿಟ್ಟು. ಮೊಳಕೆ ಕಟ್ಟಿದ ರಾಗೀಲಿ ಗಂಜಿ ಗಟ್ಟಿ ಆಗಲ್ಲ, ತೆಳ್ಳಗೇ ಇರುತ್ತೆ, ಹಾಗಾಗಿ ಅದೇ ಒಂದು ಬಟ್ಟಲಿಗೆ ಹೆಚ್ಚು ಹಿಟ್ಟು ಹಾಕಬಹುದು, ಸಣ್ಣ ಹೊಟ್ಟೆಗೆ ಹೆಚ್ಚು ಸತ್ವ ಹೋಗುತ್ತೆ. ನಾನು ಮೊಳಕೆ ಗಂಟು ಬಿಚ್ಚಿದಾಗ ಸೇರಿದ್ದ ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡ್ಕೊಂಡು ನಗೋಕೆ ಶುರು. ಯಾಕೆ ಅಂದ್ರೆ ಅವರಿಗೆ ಮೊಳಕೆ ವಿಂಬಿ ಅಂದ್ರೆ ಬೂಸಾ. ನಮ್ಮ ದನದ ಬೂಸಾ ಅಲ್ಲ, ಅಲ್ಲಿ ಬೂಸಾ ಅಂದ್ರೆ ಮೊಳಕೆ ವಿಂಬಿ, ಮೆಕ್ಕೆಜೋಳದ ಹಿಟ್ಟು ಹುಳಿ ಬರಿಸಿ ಮಾಡೋ ಹೆಂಡ. ಇವಳು ಮಗುಗೆ ಹೆಂಡ ಮಾಡ್ತಾವ್ಳೆ ಅಂತ! ಆಮೇಲೆ ಒಬ್ಬ ಅಜ್ಜಿ ಗಂಜಿ ರುಚಿ ನೋಡಿ, ಸಕ್ಕರೆ ಹಾಕದೇನೇ ಸಿಹಿ ಇದೆಯಲ್ಲ ಅಂದ್ರು, ಅದರ ಮೇಲೆ ಒಣಗಿಸಿ ಪುಡಿ ಮಾಡಿದ ಒಮೇನಾ ಒಂದು ಚಮಚ ಹಾಕಿ ಕಲಸಿದ್ರು. ನಮ್ಮಜ್ಜಿಗೆ ಹೊಳೆಯದೇ ಇದ್ದಿದ್ದು. ಆ ಗಂಜಿ ನನ್ನ ಪ್ರಾಜೆಕ್ಟ್ ರಿಪೋರ್ಟಲ್ಲಿ ಅರ್ಧ ಪುಟ ಬಂದಿದೆ, ಎರಡು ಪುಟ ಬರಬೇಕಿತ್ತು.

ಆ ಅಜ್ಜಿಯ ಮೊಮ್ಮಗುನೇ ನಾನು ಮಧ್ಯಾಹ್ನ ಮೂರಕ್ಕೆ ಹೋಗಿ ಕಾಯಿಸಿದ್ದು. ಒಂದು ವರ್ಷ ಎರಡು ತಿಂಗಳ ಮಗು, ಅಮ್ಮ ನೈರೋಬಿಲಿ ಮನೆಗೆಲಸ. ತೋಳಿನ ಸುತ್ತಳತೆ ನೋಡೋ ಟೇಪ್ ನಮ್ಮ ಅಂಗನವಾಡೀಲೂ ಇದೆ, ಕೆಂಪು ಹಳದಿ ಹಸಿರು, 11.5 ಸೆಂಟಿಮೀಟರಿಗಿಂತ ಕಮ್ಮಿ ಇದ್ರೆ ಕೆಂಪು, ಅಂದ್ರೆ ತೀವ್ರ ಅಪೌಷ್ಟಿಕತೆ, 12.5 ದಾಟಿದ್ರೆ ಹಸಿರು. ಮಾಮಾ ಆ ಪುಟ್ಟ ಎಡಗೈನ ಮಡಚಿ, ಭುಜಕ್ಕೂ ಮೊಣಕೈಗೂ ನಡುವೆ ಉಗುರಲ್ಲಿ ಗುರುತು ಮಾಡ್ಕೊಂಡು, ಕೈ ಇಳಿಬಿಟ್ಟು ಟೇಪ್ ಸುತ್ತಿದ್ರು, ಬಿಗಿ ಆಗ್ಬಾರ್ದು, ಸಡಿಲನೂ ಆಗ್ಬಾರ್ದು. ಆ ಸಣ್ಣ ಕಿಂಡೀಲಿ ನಾನು ಓದಿದೆ, 11.2. ಬರ್ಕೊಂಡೆ. ಅವತ್ತೇ ಹೆಲ್ತ್ ಸೆಂಟರಿಗೆ ಬರೆದು ಕಳಿಸಿದ್ರು, ಅಲ್ಲಿ ಕಡಲೆಬೀಜದ ಪೇಸ್ಟಿನ ಪ್ಯಾಕೆಟ್ ಕೊಟ್ರು, ಪ್ಲಂಪಿನಟ್ ಅಂತ, ಒಂದೊಂದರಲ್ಲಿ 500 ಕ್ಯಾಲೊರಿ. ಆಮೇಲೆ ಪ್ರತಿ ವಾರ ಹೋದ್ವಿ. 11.4. ಒಂದು ವಾರ ಜ್ವರ ಬಂದು 11.3ಕ್ಕೆ ಇಳೀತು, ಅವತ್ತು ದಾರೀಲಿ ಇಬ್ಬರೂ ಮಾತಾಡ್ಲಿಲ್ಲ. 11.7. ನಾನು ಹೊರಡೋ ವಾರ 12.1, ಇನ್ನೂ ಹಳದಿ. ಅಷ್ಟರಲ್ಲಿ ನನ್ನ ಎಂಟು ವಾರ ಮುಗೀತು, ಪೆನ್ನು ಪುಸ್ತಕ ಮಾಮಾ ಕೈಗೆ ಕೊಟ್ಟೆ. ಜೂನಲ್ಲಿ ಒಂದು ದಿನ ವಾಟ್ಸಾಪಲ್ಲಿ ಬರೀ ನಂಬರ್ ಬಂತು, 12.6 ಅಂತ. ಬಸ್ಸಲ್ಲಿದ್ದೆ, ಪಕ್ಕದವರು ಏನಾಯ್ತಮ್ಮ ಅಂತ ಕೇಳೋ ಅಷ್ಟು ಅತ್ತೆ.

ಅಂದಹಾಗೆ ನಮ್ಮಲ್ಲಿ ಬರ ತಂದ ಎಲ್ನಿನೋ, ಅಂದ್ರೆ ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ಮಳೆ ಏರುಪೇರಾಗೋದು, ಅಲ್ಲಿ 2023ರ ಅಕ್ಟೋಬರಿಂದ ಡಿಸೆಂಬರ್ ತನಕ ಪ್ರವಾಹ ತಂದಿತ್ತು. ಅಲ್ಲಿ ಹಳ್ಳಿ ಜನರ ಬಾಯಲ್ಲೂ ಎಲ್ನಿನೋ ಅನ್ನೋ ಪದ ಓಡಾಡುತ್ತೆ, ಜೋರು ಮಳೆ ಅಂದ್ರೆ ಎಲ್ನಿನೋ. ಮಾಮಾದು ಹುರುಳಿಕಾಯಿ ಬೆಳೆ ಕೊಚ್ಕೊಂಡು ಹೋಗಿತ್ತು, ನಮ್ಮ ರಾಗಿ ಒಣಗಿದ ಅದೇ ತಿಂಗಳು. ಇದನ್ನ ಇಬ್ಬರೂ ಲೆಕ್ಕ ಹಾಕಿ ನೋಡಿದ್ದು ಒಂದು ರಾತ್ರಿ ಒಲೆ ಮುಂದೆ ಕೂತು.

ಮಾರ್ಚಲ್ಲಿ ಮಳೆ ಶುರುವಾಯ್ತು, ವಿಂಬಿ ಬಿತ್ತನೆ. ಮಾಮಾ ಸೆರಗಿನ ಥರ ಕಟ್ಕೊಂಡಿದ್ದ ಲೆಸೊ ಬಟ್ಟೇಲಿ ಬೀಜ ತುಂಬ್ಕೊಂಡು ಹೊಲದಲ್ಲಿ ನಡೀತಾ ಚೆಲ್ತಾ ಇದ್ರು, ನಾನು ಅಜ್ಜಂಗೆ ವಿಡಿಯೋ ಕಾಲ್ ಹಚ್ಚಿದೆ. ಅಜ್ಜ ಫೋನನ್ನ ಕಿವಿಗಿಟ್ಕೊಂಡಿದ್ರು, ಅಮ್ಮ ತಿರುಗಿಸಿ ಮುಂದೆ ಹಿಡಿದ್ಲು. ಹೊಲ ನೋಡಿದ್ದೇ ತಡ, "ಸಾಲಾಗಿ ಬಿತ್ತಕ್ಕೇಳವ್ವ ಆ ಯಮ್ಮಂಗೆ, ಕೂರಿಗೆ ಇಲ್ವಾ ಅಲ್ಲಿ, ಹಂಗೆ ಎರಚಿದ್ರೆ ಕುಂಟೆ ಹೆಂಗ್ ಹೊಡೀತಾರೆ" ಅಂತ ಶುರು. ಮಾಮಾ ಏನಂತೆ ಅಂದ್ರು, ಹೇಳ್ದೆ. ಅವರು ಫೋನ್ ಇಸ್ಕೊಂಡು ಲುವೊದಲ್ಲೇ ಅಜ್ಜಂಗೆ ಏನೋ ದೊಡ್ಡದಾಗಿ ಹೇಳಿದ್ರು, ಅಜ್ಜ ಕನ್ನಡದಲ್ಲಿ ಉತ್ತರ ಕೊಟ್ರು, ಕೈಯಲ್ಲಿ ಎಷ್ಟು ಅಂತರ ಅಂತ ತೋರಿಸ್ತಾ. ಐದು ನಿಮಿಷ ಇಬ್ಬರೂ ಮಾತಾಡಿದ್ರು. ನಾನು ಮಧ್ಯ ಬಾಯಿ ಹಾಕ್ಲಿಲ್ಲ. ಆಮೇಲೆ ಮಾಮಾ ಹೊಲದ ಒಂದು ಮೂಲೇಲಿ ಹಗ್ಗ ಎಳೆದು ನಾಲ್ಕು ಸಾಲು ಬಿತ್ತಿ, ಉಳಿದಿದ್ದನ್ನ ತಮ್ಮ ರೀತೀಲೇ ಚೆಲ್ಲಿದ್ರು.

ನಾನು ವಾಪಸ್ ಬಂದು ಇಷ್ಟು ದಿನ ಆಯ್ತು. ಈಗಲೂ ಊರಿಗೆ ಫೋನ್ ಮಾಡಿದ್ರೆ ಅಜ್ಜ ಮೊದಲು ಊಟ ಆಯ್ತಾ ಅಂತಾರೆ, ಆಮೇಲೆ "ಅಲ್ಲಿ ಮಳೆ ಹೆಂಗಂತೆ?" ಅಂತಾರೆ. ನಾನು ಮಾಮಾಗೆ ಮೆಸೇಜ್ ಮಾಡಿ ಕೇಳಿ, ಉತ್ತರ ಬಂದ್ಮೇಲೆ ಅಜ್ಜಂಗೆ ತಿರುಗಿ ಫೋನ್ ಮಾಡಿ ಹೇಳ್ತೀನಿ.